ಸಬ್‌ವೂಫರ್ ತರುವ ಮೊದಲು ಕೆಳಗಿನ ಮನೆಗೊಮ್ಮೆ ಹೋಗಿ ಬನ್ನಿ

ಕಳೆದ ವಾರ ಅಕ್ಕನ ಮಗ ಫೋನ್ ಮಾಡಿದ್ದ. ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಹೊಸ ಫ್ಲಾಟು, ಏಳನೇ ಮಹಡಿ. ಗೃಹಪ್ರವೇಶದ ತೋರಣ ಇನ್ನೂ ಒಣಗಿಲ್ಲ, ಆಗಲೇ ಹುಡುಗನಿಗೆ ಹೋಮ್ ಥಿಯೇಟರ್ ಹುಚ್ಚು ಹತ್ತಿದೆ.

"ಮಾಮಾ, ಸ್ಪೀಕರ್ ಎಲ್ಲಾ ಆರಿಸೇನ್ರಿ. ಸಬ್‌ವೂಫರ್ ಒಂದ ಉಳದದ. ಹತ್ತು ಇಂಚಿಂದು ತೊಗೊಳ್ಳಲೋ, ಹನ್ನೆರಡು ಇಂಚಿಂದೋ?"

"ಇಂಚು ಆಮ್ಯಾಲೆ ನೋಡೋಣು. ನಿನ್ನ ಕೆಳಗಿನ ಮನ್ಯಾಗ ಯಾರ ಇರ್ತಾರ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡೆ.

"ಗೊತ್ತಿಲ್ರಿ ಮಾಮಾ. ಯಾಕ್ರಿ?"

ಯಾಕೆ ಅಂತ ಫೋನಿನಲ್ಲಿ ಹೇಳಿದರೆ ಮುಗಿಯುವ ಮಾತಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದಲಿ, ಅವನಂತೆ ಊರು ಬಿಟ್ಟು ಬಂದು ಪುಣೆ, ಮುಂಬೈ, ಹೈದರಾಬಾದಿನಲ್ಲಿ ಫ್ಲಾಟಿನ ಮೇಲೆ ಫ್ಲಾಟು ಪೇರಿಸಿಕೊಂಡು ಬದುಕುತ್ತಿರುವ ನೀವೂ ಓದಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಆಡಿಯೋ ಪಂಡಿತನಲ್ಲ. ಗದಗಿನಿಂದ 1986ರಲ್ಲಿ ಒಂದು ಟ್ರಂಕು, ಒಂದು ಡಿಪ್ಲೊಮಾ ಸರ್ಟಿಫಿಕೇಟು ಹಿಡಿದುಕೊಂಡು ಭೋಸರಿಯ ಕಾರ್ಖಾನೆಗೆ ಬಂದವನು. ಪ್ರೆಸ್ ಶಾಪಿನಲ್ಲಿ ಶುರು ಮಾಡಿ ಕ್ವಾಲಿಟಿಯಲ್ಲಿ ರಿಟೈರ್ ಆದೆ. ನೂರು ಟನ್ನಿನ ಪ್ರೆಸ್ಸು ಒಂದೊಂದು ಏಟು ಹಾಕಿದಾಗಲೂ ಕಾಲಡಿಯ ನೆಲ ಏನು ಮಾಡುತ್ತದೆ ಅಂತ ಇಪ್ಪತ್ತು ವರ್ಷ ಅಂಗಾಲಿನಿಂದ ಕಲಿತವನು. ಆ ವಿದ್ಯೆ ಮನೆಗೆ ಸಬ್‌ವೂಫರ್ ತರುವಾಗ ನೆನಪಿಗೆ ಬರಬೇಕಿತ್ತು. ಬರಲಿಲ್ಲ. ಅದೇ ಕಥೆ.

2010ರ ದೀಪಾವಳಿ. ಬೋನಸ್ ಬಂದಿತ್ತು. ಮಗಳು ಹತ್ತನೇ ಕ್ಲಾಸು. ಅವಳ ಗೆಳತಿಯ ಮನೆಯಲ್ಲಿ 5.1 ಇದೆಯಂತೆ, ಸಿನಿಮಾದಲ್ಲಿ ಹೆಲಿಕಾಪ್ಟರ್ ಬಂದರೆ ತಲೆ ಮೇಲೇ ಬಂದ ಹಾಗೆ ಕೇಳುತ್ತದಂತೆ. ನನಗೂ ಆಸೆ ಇತ್ತು ಅನ್ನಿ. ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಗಲ್ಲಿಗೆ ಅಪ್ಪ, ಮಗಳು ಇಬ್ಬರೂ ಹೋದೆವು. ಅಂಗಡಿಯವನು ಒಂದು ಕೋಣೆಗೆ ಕರೆದುಕೊಂಡು ಹೋದ. ನೆಲಕ್ಕೆ ದಪ್ಪ ಕಾರ್ಪೆಟ್ಟು, ಗೋಡೆಗೆಲ್ಲ ಬಟ್ಟೆ, ನಮ್ಮ ಹಾಲ್‌ನ ಮೂರು ಪಟ್ಟು ದೊಡ್ಡದು. ಯುದ್ಧದ ಸೀನ್ ಹಾಕಿದ. ಪ್ಯಾಂಟಿನ ಕಾಲು ಅಲುಗಾಡಿತು! ಮಗಳು ನನ್ನ ಮುಖ ನೋಡಿದಳು, ನಾನು ಪಾಕೀಟು ತೆಗೆದೆ. 12 ಇಂಚಿನ ವೂಫರ್, ಮುಂದೆ ಮುಷ್ಟಿ ಹೋಗುವಷ್ಟು ದೊಡ್ಡ ತೂತು, ಇಬ್ಬರು ಸೇರಿ ಎತ್ತಬೇಕಾದ ಪೆಟ್ಟಿಗೆ. ಆಟೋದವನು ಐವತ್ತು ರೂಪಾಯಿ ಹೆಚ್ಚಿಗೆ ಕೇಳಿದ, ಕೊಟ್ಟೆ.

ಮನೆಯಲ್ಲಿ ಅದಕ್ಕೆ ಜಾಗ ಇದ್ದದ್ದು ಒಂದೇ ಕಡೆ, ಟಿವಿಯ ಪಕ್ಕದ ಮೂಲೆ. ಅಲ್ಲಿಟ್ಟೆವು. ಎರಡೂವರೆ ತಿಂಗಳು ಶನಿವಾರ, ರವಿವಾರ ರಾತ್ರಿ ಸಿನಿಮಾ. ಬಾಗಿಲು ಹಾಕಿ, ಕಿಟಕಿ ಹಾಕಿ, ಹತ್ತು ಗಂಟೆಯ ನಂತರ ವಾಲ್ಯೂಮ್ ಕಡಿಮೆ ಮಾಡಿ. ನಮ್ಮದು ಸಭ್ಯರ ಮನೆ ನೋಡಿ! ಯಾರೂ ಬಂದು ಏನೂ ಅನ್ನಲಿಲ್ಲ.

ಸಂಕ್ರಾಂತಿ ಬಂತು. ಕೆಳಗಿನ ಮನೆಯ ಕಾಕು ತಿಳಗುಳ ತಂದರು. ಎಪ್ಪತ್ತು ದಾಟಿದವರು, ಮಂಡಿನೋವು, ಎಲ್ಲರ ಮನೆಗೂ ಸೊಸೆಯನ್ನು ಕಳಿಸುವವರು ನಮ್ಮ ಮನೆಗೆ ತಾವೇ ಮೆಟ್ಟಿಲು ಹತ್ತಿ ಬಂದಿದ್ದರು. ಸಿಹಿ ಕೊಟ್ಟು ಸಿಹಿ ಮಾತಾಡಿ ಅನ್ನುವ ಪದ್ಧತಿ ನಮ್ಮ ಎಳ್ಳುಬೆಲ್ಲದ ಹಾಗೇ ಇಲ್ಲೂ ಇದೆಯಲ್ಲ. ಚಹಾ ಕುಡಿದು, ಏಳುವ ಹೊತ್ತಿಗೆ ಮರಾಠಿಯಲ್ಲಿ ಮೆಲ್ಲಗೆ ಅಂದರು:

"ನಿಮ್ಮ ಸಿನಿಮಾದ ಮಾತು ನಮಗೆ ಒಂದೂ ಕೇಳಿಸೋದಿಲ್ಲಪ್ಪ. ಆದರೆ ಇವರು ರಾತ್ರಿ ಎದ್ದು ಎದೆ ಮೇಲೆ ಕೈ ಇಟ್ಟುಕೊಂಡು ಕೂತುಬಿಡ್ತಾರೆ. ಸದ್ದು ಹೊರಗಿಂದೋ, ತಮ್ಮ ಎದೆಯದೋ ಅಂತ ಅವರಿಗೆ ತಿಳಿಯೋದಿಲ್ಲ."

ಕಾಕಾಗೆ ಹಿಂದಿನ ವರ್ಷ ಬೈಪಾಸ್ ಆಗಿತ್ತು. ನಾನೇ ಆಸ್ಪತ್ರೆಗೆ ಹೋಗಿ ಎಳನೀರು ಕೊಟ್ಟು ಬಂದಿದ್ದೆ.

ಆವತ್ತು ರಾತ್ರಿ ನಾನು ಕೆಳಗೆ ಹೋಗಿ ಅವರ ಮಂಚದ ಮೇಲೆ ಕೂತೆ. ಮೇಲೆ ಮಗಳಿಗೆ ಹೇಳಿದ್ದೆ, ಯಾವಾಗಿನ ವಾಲ್ಯೂಮಿನಲ್ಲೇ ಅದೇ ಯುದ್ಧದ ಸಿನಿಮಾ ಹಾಕು ಅಂತ. ಕಾಕು ಹೇಳಿದ್ದು ನಿಜ. ಮಾತಿಲ್ಲ, ಹಾಡಿಲ್ಲ, ಗುಂಡಿನ ಟಪಟಪ ಇಲ್ಲ. ಬರೀ "ಧುಮ್". ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ "ಧುಮ್ ಧುಮ್". ಅಡುಗೆಮನೆಯ ಕಟ್ಟೆ ಮೇಲಿನ ಸ್ಟೀಲ್ ಡಬ್ಬಿಯ ಮುಚ್ಚಳ ಒಂದು ಸಣ್ಣಗೆ ಗುಂಯ್ ಅನ್ನುತ್ತಿತ್ತು. ಯಾವ ಕಡೆಯಿಂದ ಬರುತ್ತಿದೆ ಅಂತ ಬೆರಳು ತೋರಿಸಲು ಆಗುವುದಿಲ್ಲ. ನನ್ನ ಎದೆ ಗಟ್ಟಿ ಇದೆ, ಆದರೂ ಹತ್ತು ನಿಮಿಷಕ್ಕೆ ನನಗೂ ಮೈ ಬೆವರಿತು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ನಿಮಗೆ ತಿಳಿದೇ ಇರುತ್ತದೆ. ಸಬ್‌ವೂಫರ್ ಆರಿಸುವಾಗ ಕೂರಬೇಕಾದ ಜಾಗ ಅಂಗಡಿಯ ಸೋಫಾ ಅಲ್ಲ, ನಿಮ್ಮ ಸೋಫಾನೂ ಅಲ್ಲ. ಕೆಳಗಿನ ಮನೆಯ ಮಂಚ. ಅಲ್ಲಿಂದ ಶುರು ಮಾಡಿದರೆ ಇಂಚು, ವಾಟ್, ಪೆಟ್ಟಿಗೆಯ ಜಾತಿ ಎಲ್ಲ ತಾನಾಗೇ ಗೊತ್ತಾಗುತ್ತದೆ.

ಕೆಳದನಿ ಯಾಕೆ ಹೀಗೆ ಮಾಡುತ್ತದೆ ಅಂದರೆ, ಅದರ ಅಲೆ ಉದ್ದ. ನಮ್ಮ ಕಿವಿಗೆ ದನಿ ಅಂತ ಕೇಳುವ ತೀರ ಕೆಳಗಿನದು ಸುಮಾರು 20 ಹರ್ಟ್ಸ್. ಅದರ ಒಂದು ಅಲೆ 17 ಮೀಟರ್ ಉದ್ದ. 40 ಹರ್ಟ್ಸ್ ಅಂದರೂ ಎಂಟೂವರೆ ಮೀಟರ್. ನಮ್ಮ ಹಾಲ್ ಇರುವುದೇ ನಾಲ್ಕೂ ಕಾಲು ಮೀಟರ್ ಉದ್ದ! ಇಂಥ ಅಲೆಗೆ ಪರದೆ, ದಿಂಬು, ಥರ್ಮೋಕೋಲ್ ಯಾವುದೂ ಲೆಕ್ಕಕ್ಕಿಲ್ಲ. ಮೇಲಿನ ದನಿಗಳು ಐದಾರು ಇಂಚಿನ ಸ್ಲ್ಯಾಬಿಗೆ ಬಡಿದು ವಾಪಸ್ ಹೋಗುತ್ತವೆ. ಕೆಳದನಿ ಸ್ಲ್ಯಾಬನ್ನೇ ಅಲುಗಿಸಿಕೊಂಡು ಆ ಕಡೆ ಇಳಿಯುತ್ತದೆ. ಅದಕ್ಕೇ ಕೆಳಗಿನವರಿಗೆ ಹೀರೋ ಡೈಲಾಗ್ ಇಲ್ಲ, ಬಾಂಬು ಮಾತ್ರ.

ಇನ್ನೊಂದು ವಿಷಯ. ಸೊಸಾಯಟಿಯ ಜಗಳದಲ್ಲಿ ಎಲ್ಲರೂ ಕಾನೂನು ತೆಗೆಯುತ್ತಾರೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್. ಒಳ್ಳೆಯದು. ಆದರೆ ಈ ಲೆಕ್ಕ 'ಎ' ಅನ್ನುವ ತೂಕದ್ದು. ಮೀಟರು ಕಿವಿಯನ್ನು ಅನುಕರಿಸಲು ಹೋಗಿ ಕೆಳದನಿಯನ್ನು ಕಳೆದುಬಿಡುತ್ತದೆ. 63 ಹರ್ಟ್ಸಿನಲ್ಲಿ ಸುಮಾರು 26 ಡೆಸಿಬೆಲ್ ಕಡಿಮೆ ತೋರಿಸುತ್ತದೆ, 31.5ರಲ್ಲಿ 39. ಅಂದರೆ ಕೆಳಗಿನ ಮನೆಯಲ್ಲಿ 63 ಹರ್ಟ್ಸಿನ ಗುಡುಗು 70 ಡೆಸಿಬೆಲ್ ಇದ್ದರೂ ಮೀಟರು 44 ಅಂತ ಬರೆದು ಕಾನೂನಿನೊಳಗೇ ಇದೆ ಅಂತ ಸರ್ಟಿಫಿಕೇಟ್ ಕೊಡುತ್ತದೆ. ನಾನು ಕಾರ್ಖಾನೆಯ ಮೀಟರನ್ನು ಒಂದು ರಾತ್ರಿ ಕೇಳಿ ತಂದು ಕಾಕಾನ ಕೋಣೆಯಲ್ಲಿ ಇಟ್ಟು ನೋಡಿದೆ. 'ಎ'ಯಲ್ಲಿ 38. ಗುಂಡಿ ತಿರುಗಿಸಿ 'ಸಿ'ಗೆ ಹಾಕಿದರೆ 64. ಒಂದೇ ಕೋಣೆ, ಒಂದೇ ಸದ್ದು! ಹಾಗಾಗಿ "ನಮ್ಮದು ಲಿಮಿಟ್‌ನಲ್ಲೇ ಇದೆ ರೀ" ಅನ್ನುವ ಮಾತು ಸಬ್‌ವೂಫರ್ ಇದ್ದವನ ಬಾಯಲ್ಲಿ ಬರಬಾರದು. ಈಗ ಮೊಬೈಲಿನಲ್ಲೇ ಆಪ್ ಹಾಕಿಕೊಂಡು ಅಳೆಯುತ್ತಾರಲ್ಲ, ಅದರ ಪುಟ್ಟ ಮೈಕಿಗೆ ಇಷ್ಟು ಕೆಳಗಿನ ದನಿ ನೆಟ್ಟಗೆ ಹಿಡಿಯುವುದು ಕಷ್ಟ.

ನಗೆ ಬರುವ ವಿಷಯ ಅಂದರೆ, ನಾವೇ ಅನಂತ ಚತುರ್ದಶಿಯ ದಿನ ಕಿಟಕಿ ಗಾಜು ಅದುರಿದರೆ ಡಿಜೆಯವರಿಗೆ ಶಾಪ ಹಾಕುತ್ತೇವೆ. ಢೋಲ್-ತಾಶಾ ಇರಲಿ, ಅದು ಬರುತ್ತದೆ, ಹೋಗುತ್ತದೆ, ಅದನ್ನು ಬಾರಿಸಲು ಮನುಷ್ಯರ ರಟ್ಟೆ ಬೇಕು. ಟೆಂಪೋ ಮೇಲೆ ಗೋಡೆಯಂತೆ ಪೇರಿಸಿದ ಪೆಟ್ಟಿಗೆಗಳ ಬಗ್ಗೆ ಹೇಳುತ್ತಿದ್ದೇನೆ. ವರ್ಷಕ್ಕೊಂದು ರಾತ್ರಿ ಅವರು ನಮಗೆ ಮಾಡುವುದನ್ನು ನಾವು ವಾರಕ್ಕೆರಡು ರಾತ್ರಿ ಒಬ್ಬ ಮುದುಕನಿಗೆ ಮಾಡುತ್ತಿದ್ದೆವು, ಅದೂ ಕಿಟಕಿ ಹಾಕಿಕೊಂಡು, ಸಭ್ಯವಾಗಿ.

ಸಿನಿಮಾದವರಿಗೂ ಇದು ಹೊಸದಲ್ಲ ಬಿಡಿ. 1974ರಲ್ಲಿ 'ಅರ್ಥ್‌ಕ್ವೇಕ್' ಚಿತ್ರಕ್ಕೆ ಸೆನ್ಸರೌಂಡ್ ಅಂತ ದೈತ್ಯ ಸಬ್‌ವೂಫರ್‌ಗಳನ್ನು ಥಿಯೇಟರಿನಲ್ಲಿ ಇಟ್ಟಾಗ ಲಾಸ್ ಏಂಜಲೀಸ್‌ನ ಚೈನೀಸ್ ಥಿಯೇಟರಿನಲ್ಲಿ ಛಾವಣಿಯ ಗಿಲಾವು ಉದುರಿದರೆ ಹಿಡಿಯಲಿ ಅಂತ ಬಲೆ ಕಟ್ಟಿದ್ದರು. ಪಕ್ಕದ ಪರದೆಯಲ್ಲಿ ಗಾಡ್‌ಫಾದರ್‌ನ ಎರಡನೇ ಭಾಗ ನೋಡುತ್ತಿದ್ದವರು ಗಲಾಟೆ ಎಬ್ಬಿಸಿದ್ದರಂತೆ. ಕೆಳಗಿನ ಮನೆಯ ತಕರಾರು ಸಬ್‌ವೂಫರ್ ಜೊತೆಗೇ ಹುಟ್ಟಿದೆ.

ಸರಿ, ಹಾಗಾದರೆ ಸಬ್‌ವೂಫರ್ ಬೇಡವೇ ಬೇಡವೇ? ನಾನು ಹಾಗೆ ಹೇಳುವುದಿಲ್ಲ. ಸಿನಿಮಾಕ್ಕೆ ಅದು ಬೇಕು. 5.1ರ ಆ 'ಪಾಯಿಂಟ್ ಒಂದು' ಇರುವುದೇ ಕೆಳದನಿಗೆ, 120 ಹರ್ಟ್ಸಿನ ಕೆಳಗಿನ ಗುಡುಗು, ಸ್ಫೋಟ ಅಲ್ಲಿ ಬರುತ್ತವೆ. ಜೊತೆಗೆ ನಾವು ಶೋಕೇಸಿನಲ್ಲಿ ಇಡುವ ಸಣ್ಣ ಸ್ಪೀಕರುಗಳಿಗೆ ಕೆಳಗಿನದ್ದು ಎತ್ತಲು ತ್ರಾಣ ಇಲ್ಲ. ಆ ಭಾರ ಸಬ್‌ವೂಫರ್ ಹೊತ್ತರೆ ಅವು ಹಗುರಾಗಿ ಹಾಡುತ್ತವೆ. ಅಂದರೆ ಒಳ್ಳೆಯ ಸಬ್‌ವೂಫರಿನ ಕೆಲಸ ಗದ್ದಲ ಮಾಡುವುದಲ್ಲ, ಭಾರ ಹೊರುವುದು.

ಹಾಡಿನ ಮಾತು ಬೇರೆ. ಆ ಸಂಕ್ರಾಂತಿ ಮುಗಿದು ಹತ್ತು ದಿನಕ್ಕೆ, 2011ರ ಜನವರಿ 24ರಂದು, ಭೀಮಸೇನ ಜೋಶಿಯವರು ತೀರಿಕೊಂಡರು. ಗದಗಿನವನು ಪುಣೆಯಲ್ಲಿ ಇದ್ದುಕೊಂಡು ಆ ಸುದ್ದಿ ಕೇಳುವುದು ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆ ವಾರ ಮನೆಯಲ್ಲಿ ಇದ್ದ ಅವರ ಸಿಡಿಗಳನ್ನೆಲ್ಲ ಒಂದೊಂದಾಗಿ ಹಾಕಿದೆ. ಕಾಕುವಿನ ಮಾತು ಕಿವಿಯಲ್ಲೇ ಇತ್ತಲ್ಲ, ಸಬ್‌ವೂಫರಿನ ಪ್ಲಗ್ ತೆಗೆದುಬಿಟ್ಟಿದ್ದೆ. ಮೂರನೇ ದಿನ ನನಗೆ ಹೊಳೆಯಿತು, ಏನೂ ಕಡಿಮೆ ಆಗಿಲ್ಲ! ಆಮೇಲೆ ಲೆಕ್ಕ ಹಾಕಿದೆ. ಗಂಡಸರು ಹಾಡುವ ಕಪ್ಪು ಒಂದರ ಷಡ್ಜ 138 ಹರ್ಟ್ಸ್ ಆಸುಪಾಸು. ತಂಬೂರಿಯ ಖರ್ಜದ ತಂತಿ ಅದರ ಅರ್ಧ, 69. ತಬಲಾದ ಡಗ್ಗಾ ಕೂಡ ಆ ಸೀಮೆಯಲ್ಲೇ. ತಂಬೂರಿಯ ಸೊಗಸು ಇರುವುದಂತೂ ಆ ಮೂಲ ದನಿಯಲ್ಲಿ ಅಲ್ಲ, ಅದರ ಮೇಲೆ ಏಳುವ ಸ್ವರಗಳಲ್ಲಿ. ಐದಾರು ಇಂಚಿನ ವೂಫರ್ ಇರುವ ಸಾಧಾರಣ ಜೋಡಿ ಸ್ಪೀಕರ್ ಇದನ್ನೆಲ್ಲ ತಾನೇ ನಿಭಾಯಿಸುತ್ತದೆ. ಎರಡೂವರೆ ತಿಂಗಳಿಂದ ನಾನು ಆ ಡಗ್ಗಾವನ್ನು ಡೊಳ್ಳು ಮಾಡಿಕೊಂಡು ಕೇಳಿ ಖುಷಿಪಟ್ಟಿದ್ದೆ. ಅಪ್ಪನ ಮರ್ಫಿ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಕೇಳಿ ಬೆಳೆದ ಕಿವಿ ಇಷ್ಟು ಬೇಗ ಕೆಟ್ಟಿತ್ತು. ಹಾಗಾಗಿ ಮನೆಯಲ್ಲಿ ಹೆಚ್ಚಿನ ಪಾಲು ಸಂಗೀತ ಕೇಳುವವರು, ಅದರಲ್ಲೂ ನಮ್ಮ ಸಂಗೀತ, ಸಬ್‌ವೂಫರಿನ ದುಡ್ಡನ್ನು ಮುಂದಿನ ಎರಡು ಸ್ಪೀಕರಿಗೆ ಹಾಕಿ ಅನ್ನುವುದು ನನ್ನ ಸಲಹೆ.

ಈಗ ಇಂಚಿನ ಪ್ರಶ್ನೆಗೆ ಬರೋಣ. ಹುಡುಗ ಕಾಯುತ್ತಿದ್ದಾನೆ.

ಇಂಟರ್‌ನೆಟ್ಟಿನಲ್ಲಿ ಓದುವ ಸಲಹೆಗಳಲ್ಲಿ ಬಹಳಷ್ಟು ಅಮೆರಿಕದವರದು. ಅವರು ಬಿಡಿ ಮನೆಯವರು. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಬಡಿದ ಗೋಡೆ, ಅಡಿಯಲ್ಲಿ ನೆಲಮಾಳಿಗೆ, ಹಾಲ್‌ನಿಂದ ಅಡುಗೆಮನೆವರೆಗೆ ಬಾಗಿಲಿಲ್ಲದ ಬಯಲು. ಆ ಗೋಡೆ ತಾನೇ ಸ್ವಲ್ಪ ಅಲುಗಿ ಕೆಳದನಿಯನ್ನು ನುಂಗುತ್ತದೆ, ಒಂದಿಷ್ಟು ಹೊರಗೆ ಬಿಡುತ್ತದೆ. ಹಾಗಾಗಿ ಅವರಿಗೆ 12 ಇಂಚಿನವು ಎರಡು ಬೇಕಾಗುತ್ತವೆ. ನಮ್ಮದು ಇಟ್ಟಿಗೆ, ಕಾಂಕ್ರೀಟಿನ ಡಬ್ಬಿ, ನೆಲಕ್ಕೆ ನುಣುಪಾದ ಟೈಲ್ಸು. ಒಳಗೆ ಹಾಕಿದ ಕೆಳದನಿ ಗೋಡೆಯಿಂದ ಗೋಡೆಗೆ ಬಡಿದುಕೊಂಡು ಅಲ್ಲೇ ಸುತ್ತುತ್ತದೆ. ಅವರ ಲೆಕ್ಕ ನಮಗೆ ಬರುವುದಿಲ್ಲ.

ನಿಮ್ಮ ಕೋಣೆಯ ಲೆಕ್ಕ ನೀವೇ ಮಾಡಬಹುದು, ಟೇಪು ಸಾಕು. 1130ನ್ನು ಕೋಣೆಯ ಅಳತೆಯ (ಅಡಿಗಳಲ್ಲಿ) ಎರಡರಷ್ಟರಿಂದ ಭಾಗಿಸಿ. ಶಬ್ದ ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದಲ್ಲ, ಅದು. ನಮ್ಮ ಹಾಲ್ 14 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರ. ಲೆಕ್ಕ ಹಾಕಿದರೆ 40, 56, 63 ಹರ್ಟ್ಸ್ ಬರುತ್ತವೆ. ಈ ಮೂರು ದನಿಗೆ ಕೋಣೆ ತಾನೇ ಗಂಟಲು ಕೊಡುತ್ತದೆ, ಬೇಡ ಅಂದರೂ ಗುಂಯ್‌ಗುಟ್ಟುತ್ತದೆ. ಸಿನಿಮಾದ ಸ್ಫೋಟಗಳ ಬಹುಪಾಲು ಬಲ ಇರುವುದೂ ಇದೇ ಸೀಮೆಯಲ್ಲಿ. ಪೆಟ್ಟಿಗೆಯನ್ನು ಮೂಲೆಯಲ್ಲಿಟ್ಟರೆ ಮೂರೂ ಒಟ್ಟಿಗೆ ಎದ್ದು ಕುಣಿಯುತ್ತವೆ. ನಾನು ಇಟ್ಟದ್ದು ಮೂಲೆಯಲ್ಲೇ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು, ಅಲ್ಲೂ ಅದು ಜೋರೇ. ಕಾಕಾಗೆ ಕೇಳುತ್ತಿದ್ದ ಧುಮ್ ಯಾವುದು ಅಂತ ಆಗ ಗೊತ್ತಾಯಿತು, ನಮ್ಮ ಕೋಣೆಯ ಈ ಮೂರು ದನಿಗಳೇ.

ತೂತಿನ ಪೆಟ್ಟಿಗೆ, ಮುಚ್ಚಿದ ಪೆಟ್ಟಿಗೆ ಅಂತ ಎರಡು ಜಾತಿ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಊಂ ಅನ್ನುತ್ತದಲ್ಲ, ತೂತಿನ ಪೆಟ್ಟಿಗೆ ಅದೇ ಉಪಾಯ. ಕಡಿಮೆ ವಾಟಿನಲ್ಲಿ ಹೆಚ್ಚು ಸದ್ದು, ಅಂಗಡಿಯಲ್ಲಿ ಪ್ಯಾಂಟು ಅಲುಗಾಡಿಸಲು ಬಹಳ ಒಳ್ಳೆಯದು. ಆದರೆ ಆ ಬಾಟಲಿಯ ದನಿಗಿಂತ ಕೆಳಗೆ ಹೋದರೆ ಸದ್ದು ಒಂದೊಂದು ಸಪ್ತಕಕ್ಕೆ 24 ಡೆಸಿಬೆಲ್‌ನಂತೆ ಧೊಪ್ಪನೆ ಬೀಳುತ್ತದೆ. ಮುಚ್ಚಿದ ಪೆಟ್ಟಿಗೆ ಮೊದಲಿನಿಂದಲೇ ಸ್ವಲ್ಪ ಸಣ್ಣ ದನಿ, ಆದರೆ ಇಳಿಯುವುದು 12 ಡೆಸಿಬೆಲ್‌ನಂತೆ ಮೆಲ್ಲಗೆ. ಸಣ್ಣ ಗಟ್ಟಿ ಕೋಣೆ 40ರ ಕೆಳಗಿನ ದನಿಯನ್ನು ತಾನೇ ಸ್ವಲ್ಪ ಎತ್ತಿಕೊಡುತ್ತದೆ, ಹಾಗಾಗಿ ಮುಚ್ಚಿದ ಪೆಟ್ಟಿಗೆಯ ಇಳಿತ ಅಲ್ಲಿಗೆ ಅಷ್ಟಿಷ್ಟು ಸರಿಹೋಗುತ್ತದೆ. ಪೆಟ್ಟಿಗೆಯೂ ಚಿಕ್ಕದು, ಮೂಲೆ ಬಿಟ್ಟು ಬೇರೆ ಕಡೆ ಇಡಬಹುದು. 10-14ರ ಹಾಲಿಗೆ 8 ಇಂಚಿನ ಮುಚ್ಚಿದ ಪೆಟ್ಟಿಗೆ, ಕೋಣೆ ಇನ್ನೂ ದೊಡ್ಡದಿದ್ದರೆ 10 ಇಂಚಿನದು. ನನ್ನ ಉತ್ತರ ಇಷ್ಟೇ.

ಇದಕ್ಕೆ ಗೆಳೆಯರ ತಕರಾರು ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. ದೊಡ್ಡ ವೂಫರನ್ನು ಸಣ್ಣ ದನಿಯಲ್ಲಿ ಓಡಿಸಿದರೆ ಅದು ಏದುಸಿರು ಬಿಡುವುದಿಲ್ಲ, ದನಿ ಶುಚಿಯಾಗಿರುತ್ತದೆ ಅನ್ನುತ್ತಾರೆ. ನಿಜ. 40 ಹರ್ಟ್ಸಿನಲ್ಲಿ ಕೊಟ್ಟಷ್ಟೇ ಸದ್ದನ್ನು 20ರಲ್ಲಿ ಕೊಡಬೇಕಾದರೆ ವೂಫರ್ ನಾಲ್ಕು ಪಟ್ಟು ಗಾಳಿ ತಳ್ಳಬೇಕು. 12 ಇಂಚಿನದರ ಮೈ 8 ಇಂಚಿನದರ ಎರಡೂ ಕಾಲು ಪಟ್ಟು, ಅದಕ್ಕೆ ಇದು ಸಲೀಸು. ಆದರೆ "ಸಣ್ಣ ದನಿಯಲ್ಲಿ ಓಡಿಸಿದರೆ" ಅಂತ ಇದೆಯಲ್ಲ, ಅಲ್ಲಿ ನನಗೆ ನಂಬಿಕೆ ಇಲ್ಲ. ಹನ್ನೆರಡು ಇಂಚು ಮನೆಯಲ್ಲಿ ಇಟ್ಟುಕೊಂಡು, ನೆಂಟರು ಬಂದಾಗ ಗುಂಡಿ ತಿರುಗಿಸದೆ ಇದ್ದ ಗಂಡಸನ್ನು ನಾನು ನೋಡಿಲ್ಲ. ನಾನಂತೂ ಅಲ್ಲ.

ವಾಟಿನ ವಿಷಯ ಎರಡೇ ಮಾತು. ಆಗೆಲ್ಲ ಪೆಟ್ಟಿಗೆ ಮೇಲೆ ಪಿಎಂಪಿಓ ಅಂತ ಸಾವಿರಗಟ್ಟಲೆ ವಾಟ್ ಬರೆಯುತ್ತಿದ್ದರು, ಅದಕ್ಕೆ ಒಂದು ಅಳತೆಗೋಲು ಅಂತಲೇ ಇರಲಿಲ್ಲ. ನೋಡಬೇಕಾದದ್ದು ಆರ್‌ಎಂಎಸ್. ಅದರ ಮೇಲೂ ಅನುಮಾನ ಬಂದರೆ ಪೆಟ್ಟಿಗೆಯ ಬೆನ್ನಿನ ಮೇಲೆ ಎಷ್ಟು ವಿದ್ಯುತ್ ಎಳೆಯುತ್ತದೆ ಅಂತ ಬರೆದಿರುತ್ತಾರೆ, ಓದಿ. ಗೋಡೆಯಿಂದ 60 ವಾಟ್ ಎಳೆಯುವುದು ಅತ್ತ ಸಾವಿರ ವಾಟ್ ಉಗುಳುವುದಿಲ್ಲ. ಇನ್ನು 100 ವಾಟಿಗೂ 200 ವಾಟಿಗೂ ವ್ಯತ್ಯಾಸ ಬರೀ 3 ಡೆಸಿಬೆಲ್, ಅದಕ್ಕೆ ಎರಡು ಪಟ್ಟು ದುಡ್ಡು ಕೊಡಬೇಡಿ.

ನಾನು ಆ 12 ಇಂಚಿನದನ್ನು ಏನು ಮಾಡಿದೆ ಅಂತ ಕೇಳುತ್ತೀರಿ. ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ, ಅದು ಅವನ ತಪ್ಪೂ ಅಲ್ಲ. ಸಿಂಹಗಡ ರಸ್ತೆಯಲ್ಲಿ ನೆಲಮಟ್ಟದ ಬಂಗಲೆ ಇರುವ ಸಹೋದ್ಯೋಗಿಯೊಬ್ಬರು ಅರ್ಧ ಬೆಲೆಗೆ ಕೊಂಡರು. ಅದರ ಜಾಗಕ್ಕೆ 8 ಇಂಚಿನ ಮುಚ್ಚಿದ ಪೆಟ್ಟಿಗೆ ಬಂತು. ಈ ಸಲ ಅದನ್ನು ಇಡುವ ಜಾಗ ಹುಡುಕಲು ಹಳೆಯ ಉಪಾಯವೊಂದನ್ನು ಮಾಡಿದೆ. ಪೆಟ್ಟಿಗೆಯನ್ನೇ ಸೋಫಾದ ಮೇಲೆ, ನಾವು ಕೂರುವ ಜಾಗದಲ್ಲಿ ಕೂರಿಸುವುದು. ಕೆಳದನಿ ಇರುವ ಹಾಡು ಹಾಕಿ, ನಾವು ಗೋಡೆಯುದ್ದಕ್ಕೂ ಅಂಬೆಗಾಲಿಡುತ್ತ ಎಲ್ಲಿ ದನಿ ಸಮವಾಗಿ ಕೇಳುತ್ತದೆ ಅಂತ ಹುಡುಕುವುದು. ಎಲ್ಲಿ ಸರಿ ಕೇಳಿತೋ ಅಲ್ಲಿ ಪೆಟ್ಟಿಗೆ. ಐವತ್ತರ ಹತ್ತಿರದ ಗಂಡಸು ಚಡ್ಡಿ ಹಾಕಿಕೊಂಡು ಹಾಲಿನಲ್ಲಿ ತೆವಳುವುದನ್ನು ನೋಡಿ ಮನೆಯವಳು "ಏನ್ ಕಳಕೊಂಡೀರಿ?" ಅಂದಳು. ಅಷ್ಟರಲ್ಲಿ ಹಾಲಿನವನು ಬೇರೆ ಬಂದ. ಕೊನೆಗೆ ಉದ್ದ ಗೋಡೆಯಲ್ಲಿ ಶೋಕೇಸ್ ಪಕ್ಕ, ಮೂಲೆಯಿಂದ ನಾಲ್ಕೂವರೆ ಅಡಿ ದೂರದ ಜಾಗ ಗೆದ್ದಿತು. ಸೋಫಾವನ್ನೂ ಗೋಡೆಯಿಂದ ಒಂದೂವರೆ ಅಡಿ ಮುಂದೆ ಎಳೆದೆವು. ಹಿಂದೆ ಸಿಕ್ಕ ಧೂಳು, ಪೆನ್ನು, ಮಗಳ ಕಳೆದುಹೋದ ಓಲೆಯ ಕಥೆ ಬೇರೆ.

ಪೆಟ್ಟಿಗೆಯ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಹಾಕಿದೆ. ಪ್ರೆಸ್ಸಿನ ಕಾಲ ಕೆಳಗೆ ಹಾಕುತ್ತಿದ್ದೆವಲ್ಲ, ಅದೇ ಬುದ್ಧಿ, ತಡವಾಗಿ ಬಂತು. ಆದರೆ ನಿಮಗೆ ಸುಳ್ಳು ಹೇಳಬಾರದು. ಪ್ಯಾಡು ತಡೆಯುವುದು ಪೆಟ್ಟಿಗೆಯ ಕಾಲಿನಿಂದ ನೆಲಕ್ಕೆ ಇಳಿಯುವ ನಡುಕವನ್ನು ಮಾತ್ರ. ಗಾಳಿಯಲ್ಲಿ ಹೋಗಿ ಸ್ಲ್ಯಾಬಿಗೆ ಬಡಿಯುವ ಅಲೆಯನ್ನು ಅದು ತಡೆಯುವುದಿಲ್ಲ. ಡಬ್ಬಿಯ ಮುಚ್ಚಳದ ಗುಂಯ್ ನಿಂತಿತು, ಧುಮ್ ಸ್ವಲ್ಪ ಉಳಿದಿತ್ತು. ಅದನ್ನು ನಿಲ್ಲಿಸಿದ್ದು ಗುಂಡಿ.

ಗುಂಡಿಗಳ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ರಿಸೀವರ್ ಇದ್ದರೆ ಅದರ ಮೆನುವಿನಲ್ಲಿ ನಿಮ್ಮ ಸ್ಪೀಕರುಗಳನ್ನು 'ಸ್ಮಾಲ್' ಅಂತ ಹಾಕಿ, ಕ್ರಾಸ್‌ಓವರ್ 80 ಹರ್ಟ್ಸಿಗೆ ಇಡಿ. ಸಬ್‌ವೂಫರಿನ ಬೆನ್ನಿನ ಮೇಲೂ ಅದೇ ಹೆಸರಿನ ಗುಂಡಿ ಇರುತ್ತದೆ, ಅದನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ, ಇಲ್ಲದಿದ್ದರೆ ಎರಡು ಕಡೆ ಸೋಸಿದಂತಾಗುತ್ತದೆ. 80ರ ಕೆಳಗೆ ದನಿ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ, ಹಾಗಾಗಿ ಪೆಟ್ಟಿಗೆ ಪಕ್ಕದಲ್ಲಿದ್ದರೂ ಸದ್ದು ಪರದೆಯಿಂದಲೇ ಬಂದಂತೆ ಇರುತ್ತದೆ. ಪರೀಕ್ಷೆ ಸುಲಭ. ವಾರ್ತೆ ಹಾಕಿ. ಗಂಡಸರು ಓದುವ ವಾರ್ತೆ ಬಾವಿಯೊಳಗಿಂದ ಬಂದ ಹಾಗೆ ಕೇಳಿದರೆ ಸಬ್‌ವೂಫರ್ ಜೋರಾಗಿದೆ ಅಥವಾ ಕ್ರಾಸ್‌ಓವರ್ ಮೇಲಿದೆ. ಅದು ಇದೆ ಅನ್ನುವುದೇ ಗೊತ್ತಾಗದೆ, ಪ್ಲಗ್ ಕಿತ್ತಾಗ ಮಾತ್ರ ಏನೋ ಹೋಯಿತಲ್ಲ ಅನ್ನಿಸಿದರೆ, ಸರಿಯಾಗಿದೆ. ರಾತ್ರಿಗೆ 'ನೈಟ್ ಮೋಡ್' ಅಂತ ಇರುತ್ತದೆ, ಸ್ಫೋಟವನ್ನು ಕುಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಶೋಕಿಯವರು ಅದನ್ನು ಕಂಡು ಮೂಗು ಮುರಿಯುತ್ತಾರೆ. ಮುರಿಯಲಿ. ಇವತ್ತು ಸೌಂಡ್‌ಬಾರ್ ಜೊತೆ ವೈರ್ ಇಲ್ಲದ ಸಬ್‌ವೂಫರ್ ಕೊಡುತ್ತಾರಲ್ಲ, ಅದರ ರಿಮೋಟಿನಲ್ಲೂ ಬಾಸ್ ಇಳಿಸುವ ಗುಂಡಿ ಸಾಮಾನ್ಯವಾಗಿ ಇರುತ್ತದೆ. ಕಂಪನಿಯಿಂದ ಬಂದದ್ದು ನಡುವೆಯೇ ನಿಂತಿದ್ದರೂ ಎರಡು ಮೆಟ್ಟಿಲು ಇಳಿಸಿ ನೋಡಿ.

ಮೈಗೆ ನಡುಕ ಬೇಕೇ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬಾಸ್ ಶೇಕರ್ ಅಂತ ಒಂದು ಯಂತ್ರ, ಸೋಫಾದ ಚೌಕಟ್ಟಿಗೆ ಬಿಗಿಯುವುದು. ಅದು ಗಾಳಿಯನ್ನು ಬಿಟ್ಟು ನಿಮ್ಮನ್ನೇ ಅಲುಗಾಡಿಸುತ್ತದೆ. ಸೋಫಾದ ಕಾಲಿಗೆ ರಬ್ಬರ್ ಹಾಕಬೇಕು ಅಷ್ಟೇ. ನಾನು ಬಳಸಿಲ್ಲ, ನಮ್ಮ ಪ್ರೆಸ್ ಶಾಪಿನ ನೆನಪು ಬಂದು ಬೇಡ ಅನ್ನಿಸಿತು.

ಎಲ್ಲ ಜೋಡಿಸಿದ ರಾತ್ರಿ ಮತ್ತೆ ಕೆಳಗೆ ಹೋಗಿ ಕೂತೆ. ಮಗಳು ಮೇಲಿನಿಂದ ಫೋನಿನಲ್ಲಿ, "ಈಗ? ಈಗ?" ನಾನು "ಇನ್ನೂ ಇಳಿಸು, ಇನ್ನೂ." ಕಾಕಾ ದಿಂಬಿಗೆ ಒರಗಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಹಂತದಲ್ಲಿ ಅವರೇ ಕೈ ಎತ್ತಿ, "ಬಸ್, ಈಗಿಲ್ಲ" ಅಂದರು. ಆ ಜಾಗದಲ್ಲಿ ಗುಂಡಿಗೆ ಮಗಳು ತನ್ನ ನೇಲ್ ಪಾಲಿಶಿನಿಂದ ಕೆಂಪು ಚುಕ್ಕೆ ಇಟ್ಟಳು. ಆಮೇಲೆ ಕಾಕಾ ಆರು ವರ್ಷ ಬದುಕಿದ್ದರು. ಈಗ ಆ ಮನೆಯಲ್ಲಿ ಬಾಡಿಗೆಗೆ ಕಾಲೇಜು ಹುಡುಗರಿದ್ದಾರೆ, ಅವರದೇ ಸದ್ದು ಒಮ್ಮೊಮ್ಮೆ ನಮಗೆ ಕೇಳುತ್ತದೆ. ಚುಕ್ಕೆ ಹಾಗೇ ಇದೆ, ಅದರ ಮೇಲೆ ನಾನು ತಿರುಗಿಸಿಲ್ಲ.

ಇದನ್ನು ಬರೆದು ಮುಗಿಸುವ ಹೊತ್ತಿಗೆ ಅಕ್ಕನ ಮಗ ಮತ್ತೆ ಫೋನ್ ಮಾಡಿದ.

"ಮಾಮಾ, ಕೆಳಗ ಹೋಗಿದ್ದೆರಿ. ನಾಗಪುರದವರು. ಮೂರು ತಿಂಗಳದ ಕೂಸದ."

"ಮತ್ತ?"

"ಚಹಾ ಕೊಟ್ರು. ಕೂಸು ಸಂಜಿ ಏಳರಿಂದ ಒಂಬತ್ತರ ತನಕ ಎದ್ದಿರ್ತದಂತ, ಆವಾಗ ಏನ್ ಬೇಕಾದ್ರೂ ಹಚ್ಚರಿ ಅಂದ್ರು."

ರವಿವಾರ ಬಾ, ಬರುವಾಗ ಹಾಲ್‌ನ ಉದ್ದ, ಅಗಲ, ಎತ್ತರ ಬರೆದುಕೊಂಡು ಬಾ, ನಿಮ್ಮತ್ತಿ ಹೋಳಿಗೆ ಮಾಡ್ತಾಳ ಅಂದೆ.